ಎರಡು ಪರದೆ, ಒಂದೇ ಕುತ್ತಿಗೆ

ಮನೆಯಲ್ಲಿಯೇ ಕುಳಿತು ವ್ಯಾಪಾರಿಗಳ ಲೆಕ್ಕಪತ್ರ ಬರೆದುಕೊಡುವ ಸಹೋದರಿಯೊಬ್ಬರು ಕಳೆದ ವರ್ಷ ಕುತ್ತಿಗೆನೋವೆಂದು ನಮ್ಮಲ್ಲಿಗೆ ಬಂದರು. ಕುತ್ತಿಗೆಯ ಎಡಬದಿಯಿಂದ ಹೆಗಲಿನವರೆಗೆ ಬಿಗಿತ. ಸಂಜೆಯಾದರೆ ತಲೆ ಹೊರಳಿಸಲೂ ಕಷ್ಟ. ಅಭ್ಯಂಗ, ಸ್ವೇದನಗಳನ್ನು ಮಾಡಿಸಿ ಕಷಾಯ ಕೊಟ್ಟೆವು. ವಾರದೊಳಗೆ ನೋವು ಶಮನವಾಯಿತು. ಮತ್ತೆರಡು ವಾರದಲ್ಲಿ ಮರಳಿತು. ಹೀಗೆ ಮೂರು ಬಾರಿ ನಡೆಯಿತು. ನಾಲ್ಕನೆಯ ಬಾರಿ ಬಂದಾಗ, “ತಾಯಿ, ನೀವು ಕೆಲಸ ಮಾಡುವ ಮೇಜು ಹೇಗಿದೆ?” ಎಂದು ಕೇಳಿದೆವು. ಅವರು ಮೊಬೈಲಿನಲ್ಲಿ ಚಿತ್ರ ತೋರಿಸಿದರು. ಎದುರಿಗೆ ಲ್ಯಾಪ್‌ಟಾಪ್, ಎಡಗಡೆ ಮೇಜಿನ ತುದಿಯಲ್ಲಿ, ಎರಡು ದಪ್ಪ ಪುಸ್ತಕಗಳ ಮೇಲೆ, ಹೊಸದಾಗಿ ಕೊಂಡ ದೊಡ್ಡ ಮಾನಿಟರ್. ಹೆಚ್ಚಾಗಿ ನೋಡುವುದು ಯಾವುದನ್ನೆಂದು ವಿಚಾರಿಸಿದೆವು. “ದೊಡ್ಡದನ್ನೇ ಡಾಕ್ಟ್ರೇ, ಲೆಕ್ಕವೆಲ್ಲ ಅದರಲ್ಲೇ ಇರುತ್ತದೆ. ಪ್ಲಗ್ ಆ ಕಡೆ ಇತ್ತು, ಅದಕ್ಕೇ ಅಲ್ಲಿಟ್ಟೆ” ಎಂದರು.

ದಿನಕ್ಕೆ ಏಳೆಂಟು ಗಂಟೆ ಎಡಕ್ಕೆ ತಿರುಗಿ, ಗದ್ದವೆತ್ತಿ ನೋಡುತ್ತಿದ್ದ ಕುತ್ತಿಗೆಗೆ ನಾವು ಎಣ್ಣೆ ಹಚ್ಚಿಸುತ್ತಿದ್ದೆವು. ಮೊದಲ ದಿನವೇ ಕೇಳಬೇಕಾದ ಪ್ರಶ್ನೆಯನ್ನು ಎರಡು ತಿಂಗಳಿಗೂ ಹೆಚ್ಚು ಕಾಲ ಕೇಳದೆ ಹೋದುದು ನಮ್ಮದೇ ಲೋಪ. ನಿದಾನ ಪರಿವರ್ಜನ, ಎಂದರೆ ರೋಗದ ಕಾರಣವನ್ನು ತೊರೆಯುವುದೇ ಮೊದಲ ಚಿಕಿತ್ಸೆಯೆಂಬ ಪಾಠವನ್ನು ಬಲ್ಲ ನಮಗೇ ಅದು ಮರೆತಿತ್ತು.

ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಮನ್ಯಾಸ್ತಂಭದ, ಎಂದರೆ ಕುತ್ತಿಗೆ ಸೆಟೆದುಕೊಳ್ಳುವ ರೋಗದ ಕಾರಣಗಳನ್ನು ಹೇಳಿದೆ. ಹಗಲುನಿದ್ರೆ, ಕುಳಿತುಕೊಳ್ಳುವ ಮತ್ತು ನಿಲ್ಲುವ ಭಂಗಿಯ ವಿಕೃತಿ, ಮೇಲ್ಮುಖವಾಗಿ ನೋಡುವುದು. ಇವುಗಳಿಂದ ಕೆರಳಿದ ವಾತವು ಕಫದಿಂದ ಆವೃತವಾಗಿ ಕುತ್ತಿಗೆಯನ್ನು ಹಿಡಿಯುತ್ತದೆ. ಗಣಕಯಂತ್ರವಿಲ್ಲದ ಕಾಲದ ಈ ಮಾತು ಇಂದಿನ ಮೇಜಿಗೂ ಸರಿಯಾಗಿ ಒಪ್ಪುತ್ತದೆ. ನಾಲ್ಕೈದು ಕಿಲೋ ತೂಗುವ ತಲೆಯನ್ನು ಒಂದೇ ಕಡೆಗೆ ತಿರುಗಿಸಿ ಹಿಡಿದರೆ, ಆ ಭಾರವನ್ನು ಹೊತ್ತ ಸ್ನಾಯುಗಳಿಗೆ ಬಿಡುವೇ ದೊರೆಯದು.

ಎರಡನೆಯ ಪರದೆಯಿಂದ ಉಪಕಾರವೂ ಉಂಟು. ಒಂದರಲ್ಲಿ ರಸೀದಿ, ಇನ್ನೊಂದರಲ್ಲಿ ಖಾತೆ ತೆರೆದಿಟ್ಟರೆ ಪದೇ ಪದೇ ಪುಟ ಬದಲಿಸುವ ಶ್ರಮ ತಪ್ಪುತ್ತದೆ. ಆದುದರಿಂದ ಅದನ್ನು ತ್ಯಜಿಸಬೇಕೆಂದು ನಾವು ಹೇಳೆವು. ಕ್ರಮವರಿತು ಇರಿಸಿಕೊಳ್ಳಬೇಕೆಂದು ಹೇಳುತ್ತೇವೆ.

ಜೋಡಿಸುವ ಕ್ರಮ

ಕೊಳ್ಳುವ ಮುನ್ನ ಗಣಕಯಂತ್ರದಲ್ಲಿ ಯಾವ ಕಿಂಡಿಯಿದೆಯೆಂದು ನೋಡಿಕೊಳ್ಳಬೇಕು. ಈಗ ಸಾಮಾನ್ಯವಾಗಿರುವುದು ಎಚ್‌ಡಿಎಂಐ. ಕೆಲವದರಲ್ಲಿ ಡಿಸ್‌ಪ್ಲೇಪೋರ್ಟ್, ಹಳೆಯವುಗಳಲ್ಲಿ ವಿಜಿಎ ಇರುತ್ತದೆ. ಯುಎಸ್‌ಬಿ-ಸಿ ಕಿಂಡಿಯಿದ್ದ ಮಾತ್ರಕ್ಕೆ ಚಿತ್ರ ಬರುವುದೆಂದು ನಂಬಲಾಗದು. ಎಲ್ಲ ಯುಎಸ್‌ಬಿ-ಸಿ ಕಿಂಡಿಗಳಿಗೂ ಆ ಶಕ್ತಿಯಿಲ್ಲ. ಕೇಬಲ್ ಸಿಕ್ಕಿಸಿದ ಬಳಿಕ, ವಿಂಡೋಸ್ ಗುರುತಿನ ಕೀಲಿಯೊಡನೆ ‘ಪಿ’ ಕೀಲಿಯನ್ನು ಒತ್ತಿ ‘ಎಕ್ಸ್‌ಟೆಂಡ್’ ಆರಿಸಿಕೊಳ್ಳಬೇಕು. ‘ಡೂಪ್ಲಿಕೇಟ್’ ಆರಿಸಿದರೆ ಎರಡರಲ್ಲೂ ಒಂದೇ ಚಿತ್ರ ಮೂಡುತ್ತದೆ.

ಅನಂತರ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ 1, 2 ಎಂದು ಎರಡು ಚೌಕಗಳು ಕಾಣುತ್ತವೆ. ಮೇಜಿನ ಮೇಲೆ ಪರದೆಗಳು ಇರುವಂತೆಯೇ ಆ ಚೌಕಗಳನ್ನೂ ಎಳೆದು ಇರಿಸಬೇಕು. ಇಲ್ಲವಾದರೆ ಮೌಸಿನ ಬಾಣ ಬಲಕ್ಕೆ ಹೋಗಬೇಕಾದಲ್ಲಿ ಅಂಚಿಗೆ ತಗುಲಿ ನಿಲ್ಲುತ್ತದೆ. ಅಕ್ಷರ ಚಿಕ್ಕದಾಗಿದ್ದರೆ ಅಲ್ಲಿಯೇ ‘ಸ್ಕೇಲ್’ ಹೆಚ್ಚಿಸಬೇಕು. ಅಕ್ಷರಕ್ಕಾಗಿ ಮುಖವನ್ನು ಮುಂದೆ ಚಾಚುವುದೂ ಕುತ್ತಿಗೆಗೆ ಪೆಟ್ಟೇ.

ಇರಿಸುವ ಕ್ರಮ

ಎಲ್ಲಕ್ಕಿಂತ ಮೊದಲು ಯಾವುದನ್ನು ಹೆಚ್ಚು ನೋಡುತ್ತೇವೆಂಬುದನ್ನು ನಿರ್ಧರಿಸಬೇಕು. ಹೆಚ್ಚು ನೋಡುವುದು ಎದುರಿಗೆ ಬರಬೇಕು. ಮೂಗು, ನಾಭಿ, ಕೀಲಿಮಣೆಯ ನಡು, ಮುಖ್ಯ ಪರದೆಯ ನಡು ಇವೆಲ್ಲ ಒಂದೇ ಗೆರೆಯಲ್ಲಿರಲಿ. ಎರಡನೆಯದು ಅದಕ್ಕೆ ಅಂಟಿದಂತೆ ಪಕ್ಕದಲ್ಲಿ, ನಮ್ಮ ಕಡೆಗೆ ತುಸು ವಾಲಿರಲಿ. ಎರಡನ್ನೂ ಸರಿಸಮನಾಗಿ ನೋಡುವವರು ಅವುಗಳ ಅಂಚು ಕೂಡುವ ಜಾಗವನ್ನು ಮೂಗಿನ ನೇರಕ್ಕೆ ತಂದು, ತೆರೆದ ಪುಸ್ತಕದಂತೆ ಒಳಮುಖವಾಗಿ ನಿಲ್ಲಿಸಬೇಕು. ದೂರ ಒಂದು ತೋಳಿನಷ್ಟು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ. ಎರಡರ ಎತ್ತರವೂ ದೂರವೂ ಸಮನಾಗಿರಬೇಕು. ದೊಡ್ಡ ಮಾನಿಟರನ್ನು ಎದುರಿಗಿಟ್ಟು ಲ್ಯಾಪ್‌ಟಾಪನ್ನು ಪಕ್ಕಕ್ಕೆ ಸರಿಸುವವರಿಗೆ ಬೇರೆ ಕೀಲಿಮಣೆ, ಮೌಸ್ ಅಗತ್ಯ.

ನಮ್ಮ ವಯಸ್ಸಿನವರಿಗೆ ಇನ್ನೊಂದು ಮಾತು. ದೂರಕ್ಕೂ ಹತ್ತಿರಕ್ಕೂ ಒಂದೇ ಕನ್ನಡಕ ಧರಿಸುವವರು ಗಾಜಿನ ಕೆಳಭಾಗದಿಂದ ಓದಲು ತಮಗರಿವಿಲ್ಲದೆಯೇ ಗದ್ದವೆತ್ತುತ್ತಾರೆ. ಸುಶ್ರುತರು ಹೇಳಿದ ಮೇಲ್ನೋಟವೇ ಇದು. ಇಂಥವರು ಪರದೆಯನ್ನು ಇನ್ನೂ ಕೆಳಗಿಳಿಸಬೇಕು. ಇಲ್ಲವೇ ಪರದೆಯ ದೂರಕ್ಕೆಂದೇ ಬೇರೆ ಕನ್ನಡಕವನ್ನು ನೇತ್ರವೈದ್ಯರಿಂದ ಬರೆಸಿಕೊಳ್ಳಬೇಕು.

ಕಣ್ಣಿನ ರಕ್ಷಣೆ

ಇಂದ್ರಿಯವನ್ನು ಅದರ ವಿಷಯದಲ್ಲಿ ಅತಿಯಾಗಿ ತೊಡಗಿಸುವುದೂ ರೋಗಕಾರಣವೆಂದು ಚರಕಸಂಹಿತೆ ಎಣಿಸುತ್ತದೆ. ಪರದೆ ನೋಡುವಾಗ ಎವೆಯಿಕ್ಕುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವ ಅಭ್ಯಾಸ ಹಿತಕರ. ಕಿಟಕಿ ಬೆನ್ನಿಗಾಗಲಿ ಎದುರಿಗಾಗಲಿ ಬೇಡ, ಪಕ್ಕಕ್ಕಿರಲಿ. ಎರಡು ಪರದೆಗಳ ಬೆಳಕನ್ನೂ ಸರಿಸಮನಾಗಿಸಬೇಕು. ಒಂದು ಪ್ರಖರ, ಇನ್ನೊಂದು ಮಂಕು ಆದರೆ ಕಣ್ಣಿಗೆ ಆಯಾಸ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯುವುದಕ್ಕೆ ಸಮನಾದ ಔಷಧ ನಮ್ಮ ಪೆಟ್ಟಿಗೆಯಲ್ಲಿಲ್ಲ.

ಎಚ್ಚರಿಕೆ

ಕೈ ಜೋಮು ಹಿಡಿಯುವುದು, ಹಿಡಿತ ಸಡಿಲವಾಗಿ ಲೋಟ ಜಾರುವುದು, ನಡಿಗೆ ತೂರಾಡುವುದು ಕಂಡುಬಂದರೆ ಮೇಜು ಸರಿಪಡಿಸುತ್ತ ಕಾಲಹರಣ ಮಾಡದೆ ಕೂಡಲೇ ವೈದ್ಯರಿಂದ ಪರೀಕ್ಷೆ ಮಾಡಿಸಿಕೊಳ್ಳಬೇಕು. ಆಗ ತಿಕ್ಕುವುದು, ನೀವುವುದು ಸಲ್ಲದು. ಕ್ಷೌರದಂಗಡಿಯಲ್ಲಿ ಕುತ್ತಿಗೆಯನ್ನು ಫಕ್ಕನೆ ತಿರುಗಿಸಿ ನೆಟಿಗೆ ಮುರಿಸಿಕೊಳ್ಳುವ ರೂಢಿಯಂತೂ ಯಾರಿಗೂ ಬೇಡ.

ಆ ಸಹೋದರಿ ನಮ್ಮ ಸಲಹೆಯಂತೆ ಪುಸ್ತಕಗಳನ್ನು ತೆಗೆದು, ಎಕ್ಸ್‌ಟೆನ್ಷನ್ ಬೋರ್ಡಿನಿಂದ ವಿದ್ಯುತ್ ಎಳೆದು, ಮಾನಿಟರನ್ನು ಎದುರಿಗೆ ತಂದುಕೊಂಡರು. ಅದೇ ಎಣ್ಣೆ, ಅದೇ ಕಷಾಯ ಈ ಬಾರಿ ನೆಲೆನಿಂತಿತು. ಲೆಕ್ಕದ ಕೆಲಸ ಹೆಚ್ಚುವ ತಿಂಗಳಲ್ಲಿ ತುಸು ಬಿಗಿತ ಕಾಣಿಸುವುದುಂಟು. ಆದರೆ ಚಿಕಿತ್ಸೆಗೆಂದು ಮತ್ತೆ ಬಂದಿಲ್ಲ. ಅಂದಿನಿಂದ ಕುತ್ತಿಗೆನೋವೆಂದು ಬರುವವರ ನಾಡಿ ಹಿಡಿಯುವ ಮೊದಲೇ ನಾವು ಅವರ ಮೇಜಿನ ಚಿತ್ರವನ್ನು ಕೇಳುತ್ತೇವೆ. ಓದುಗ ಬಂಧುಗಳೂ ಇಂದು ತಮ್ಮ ಮೇಜಿನೆದುರು ಕುಳಿತು ಒಮ್ಮೆ ಗಮನಿಸಲಿ: ಪರದೆ ನಿಂತಿರುವುದು ಪ್ಲಗ್ಗಿನ ಅನುಕೂಲಕ್ಕೋ, ಕುತ್ತಿಗೆಯ ಅನುಕೂಲಕ್ಕೋ?