ಡ್ರಾಫ್ಟ್ ಆದ್ರೆ ಆಟ ಸಿಕ್ಕಂತೆ ಅಲ್ಲ

ಆಫರ್ ಲೆಟರ್ ಕೈಯಲ್ಲಿ ಹಿಡಿದು ಜಾಯ್ನಿಂಗ್ ಡೇಟಿಗಾಗಿ ತಿಂಗಳುಗಟ್ಟಲೆ ಕಾಯುವ ಸೀನಿಯರ್‌ಗಳನ್ನು ನಾವೆಲ್ಲ ನೋಡಿದ್ದೇವೆ. ಹೊರದೇಶದ ವೃತ್ತಿಪರ ಬಾಸ್ಕೆಟ್‌ಬಾಲ್ ಕೂಡ ಹೆಚ್ಚು ಕಡಿಮೆ ಹಾಗೇ.

ಸತ್ನಾಮ್ ಸಿಂಗ್ ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿಯವನು. ನಮ್ಮ ಸವದತ್ತಿ ತಾಲ್ಲೂಕಿನ ಹೂಲಿಗಿಂತಲೂ ಸಣ್ಣ ಊರದು. 2010ರಲ್ಲಿ, 14ನೇ ವಯಸ್ಸಿಗೆ, ಸ್ಕಾಲರ್‌ಶಿಪ್ ಮೇಲೆ ಫ್ಲೋರಿಡಾದ ಐಎಂಜಿ ಅಕಾಡೆಮಿಗೆ ಹೋದ. ಇಂಗ್ಲಿಷ್ ಬರುತ್ತಿರಲಿಲ್ಲ. ಎತ್ತರ ಮಾತ್ರ 7 ಅಡಿ 2 ಇಂಚಿನವರೆಗೆ ಬೆಳೆಯಿತು. 2015ರ ಜೂನ್ 25ರಂದು ಎನ್‌ಬಿಎ ಡ್ರಾಫ್ಟ್‌ನಲ್ಲಿ ಡಲ್ಲಾಸ್ ಮಾವೆರಿಕ್ಸ್ ಅವನನ್ನು 52ನೆಯವನಾಗಿ ಆರಿಸಿತು. ಭಾರತದಲ್ಲಿ ಹುಟ್ಟಿದವರಲ್ಲಿ ಡ್ರಾಫ್ಟ್ ಆದ ಮೊದಲಿಗ. ಪತ್ರಿಕೆಗಳು ಕುಣಿದವು.

ಆದರೆ ಆ 52ರ ಅರ್ಥ ತಿಳಿಯಬೇಕು. ತಂಡಗಳು 30, ಸುತ್ತು ಎರಡು, ಒಟ್ಟು 60 ಹೆಸರು. ಮೊದಲ ಸುತ್ತಿನವರಿಗೆ ಸಂಬಳ ಖಾತ್ರಿ. ಎರಡನೇ ಸುತ್ತಿನವರಿಗೆ ಅಂಥ ಖಾತ್ರಿ ಏನೂ ಇಲ್ಲ. ಅವರ ಮೇಲಿನ ಹಕ್ಕು ತಂಡದ್ದು, ಅಷ್ಟೇ. ತಂಡದಲ್ಲಿರುವುದು 15 ಜಾಗ. ಸತ್ನಾಮ್‌ಗೆ ಅದರಲ್ಲೊಂದು ಸಿಗಲಿಲ್ಲ. ಫ್ರಿಸ್ಕೊ ಎಂಬ ಪಕ್ಕದ ಊರಿನ ಟೆಕ್ಸಾಸ್ ಲೆಜೆಂಡ್ಸ್, ಅಂದ್ರೆ ಕೆಳಗಿನ ಲೀಗಿನ ತಂಡದಲ್ಲಿ ಆಡಿದ. ಆಗ ಎನ್‌ಬಿಎಯ ಹೊಸಬನಿಗೆ ಕನಿಷ್ಠ ಸಂಬಳ ಸುಮಾರು 5.25 ಲಕ್ಷ ಡಾಲರ್. ಕೆಳಗಿನ ಲೀಗಿನಲ್ಲಿ ಒಂದು ಸೀಸನ್ನಿಗೆ ಹೆಚ್ಚೆಂದರೆ 25 ಸಾವಿರದ ಆಸುಪಾಸು. ಎನ್‌ಬಿಎ ಪಂದ್ಯ ಒಂದನ್ನೂ ಅವನು ಆಡಲಿಲ್ಲ. ಮುಂದೆ ಕೆನಡಾದ ಲೀಗ್, ಆಮೇಲೆ ಅಮೆರಿಕದ ಪ್ರೊ ರೆಸ್ಲಿಂಗ್. ಇದನ್ನು ಸೋಲು ಅನ್ನೋಕೆ ನನಗೆ ಮನಸ್ಸಿಲ್ಲ. ಆಟವನ್ನೇ ನಂಬಿ ಬದುಕೋದು ಅಂದ್ರೆ ಬಹಳಷ್ಟು ಜನರಿಗೆ ಇಷ್ಟೇ.

ಇದರ ಪಕ್ಕದಲ್ಲಿ ಒಬ್ಬ ಕನ್ನಡಿಗನನ್ನು ಇಟ್ಟು ನೋಡೋಣ. ಆಟ ಬೇರೆ, ಕ್ರಿಕೆಟ್. ಊರು ಮಾತ್ರ ಅದೇ ಡಲ್ಲಾಸ್ ಸುತ್ತಮುತ್ತ. ನೊಸ್ತುಷ್ ಕೆಂಜಿಗೆ 1991ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಹುಟ್ಟಿದರು. ಕೂಸಾಗಿದ್ದಾಗಲೇ ಮನೆಯವರು ಚಿಕ್ಕಮಗಳೂರಿಗೆ ಮರಳಿದರು. ಎಡಗೈ ಸ್ಪಿನ್ನರ್. ಬೆಂಗಳೂರಿನ ಲೀಗ್‌ಗಳಲ್ಲಿ ಆಡಿದರೂ ರಾಜ್ಯ ತಂಡದ ಬಾಗಿಲು ತೆರೆಯಲಿಲ್ಲ. ನಮ್ಮ ಹಾಗೇ ಎಂಜಿನಿಯರಿಂಗ್ ಓದಿದವರು. 2015ರಲ್ಲಿ ಅಮೆರಿಕಕ್ಕೆ ಹೋಗಿದ್ದು ಲ್ಯಾಬ್ ಕೆಲಸಕ್ಕೆ, ಕ್ರಿಕೆಟ್ಟಿಗಲ್ಲ.

ಇಲ್ಲಿ ಅವರಿಗೆ ಅನುಕೂಲ ಆಗಿದ್ದು ಹುಟ್ಟಿದ ಊರು. ಅಲ್ಲಿ ಹುಟ್ಟಿದವನು ಅಲ್ಲಿನ ಪ್ರಜೆ. ನಾವು ನೀವು ಎಚ್-1ಬಿ ವೀಸಾದಲ್ಲಿ ಹೋದರೆ ಕರೆಸಿಕೊಂಡ ಕಂಪನಿಯ ಕೆಲಸಕ್ಕೆ ಮಾತ್ರ ಸಂಬಳ ಪಡೆಯಬಹುದು, ಆಡಿ ದುಡ್ಡು ಗಳಿಸೋಕೆ ಬೇರೆ ಪರವಾನಗಿ ಬೇಕು. ಅಮೆರಿಕ ಕ್ರಿಕೆಟ್ ತಂಡಕ್ಕೆ ಆಡಬೇಕಾದರೆ ಹೊರಗಿನಿಂದ ಬಂದವರು ಮೂರು ವರ್ಷ ಅಲ್ಲಿ ನೆಲೆಸಿರಬೇಕು. ಸ್ಪಿನ್ ಚೆನ್ನಾಗಿ ಹಾಕೋ ಹುಡುಗರು ನಮ್ಮಲ್ಲಿ ಸಾಕಷ್ಟು ಇದ್ದಾರೆ. ಇಂಥ ಕಾಗದ ಇರೋರು ಕಮ್ಮಿ.

2024ರ ಜೂನ್ 6, ಟಿ20 ವಿಶ್ವಕಪ್. ಗ್ರ್ಯಾಂಡ್ ಪ್ರೇರಿ ಮೈದಾನ, ಹಿಂದೆ ಬೇಸ್‌ಬಾಲ್ ಆಡುತ್ತಿದ್ದ ಜಾಗ. ಪಾಕಿಸ್ತಾನದ ವಿರುದ್ಧ ಕೆಂಜಿಗೆ 4 ಓವರ್‌ಗೆ 30 ರನ್ ಕೊಟ್ಟು 3 ವಿಕೆಟ್ ತೆಗೆದರು. ಶಾದಾಬ್ ಖಾನ್, ಆಜಂ ಖಾನ್ ಇಬ್ಬರೂ ಸತತ ಎಸೆತಗಳಲ್ಲಿ. ಪಂದ್ಯ ಟೈ ಆಗಿ, ಸೂಪರ್ ಓವರ್‌ನಲ್ಲಿ ಅಮೆರಿಕ ಗೆದ್ದಿತು. ಮೇಜರ್ ಲೀಗ್ ಕ್ರಿಕೆಟ್‌ನಲ್ಲಿ ಅವರು ಎಂಐ ನ್ಯೂಯಾರ್ಕ್ ಪರ ಆಡಿದ್ದಾರೆ.

ಬಾಸ್ಕೆಟ್‌ಬಾಲ್ ಇನ್ನೂ ಬಿಗಿ. 16 ವರ್ಷ ದಾಟಿದ ಮೇಲೆ ಹೊಸ ದೇಶದ ಪೌರತ್ವ ಪಡೆದವರಲ್ಲಿ ಒಬ್ಬರಿಗೆ ಮಾತ್ರ ರಾಷ್ಟ್ರೀಯ ತಂಡದಲ್ಲಿ ಜಾಗ, ಇದು ಫಿಬಾ ನಿಯಮ. ವಾಪಸ್ ಬರುವ ದಾರಿಯೂ ಸಲೀಸಲ್ಲ: ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ 2025ರಲ್ಲಿ ಭಾರತ ಫುಟ್‌ಬಾಲ್ ತಂಡದ ಶಿಬಿರಕ್ಕೆ ಬರಲು ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಬಿಟ್ಟುಕೊಡಬೇಕಾಯಿತು.