ಥೈರಾಯ್ಡ್ ಆಪರೇಷನ್: ಧ್ವನಿಯ ನರ ಕಾಯುವುದು ಯಂತ್ರವೋ, ನಿರ್ಧಾರವೋ?

ಥೈರಾಯ್ಡ್ ಆಪರೇಷನ್ ಆಗಬೇಕು ಎಂದು ವೈದ್ಯರು ಹೇಳಿದ ಕೂಡಲೇ ಹೆಚ್ಚಿನವರು ಕೇಳುವುದು, ‘ಸ್ವರ ಹೋಗುವುದಿಲ್ಲ ತಾನೇ?’ ಎಂದು. ಈ ಅಂಜಿಕೆಗೆ ಕಾರಣವಿದೆ. ಕುತ್ತಿಗೆಯ ಮುಂಭಾಗದಲ್ಲಿರುವ ಈ ಗ್ರಂಥಿಯ ಹಿಂದೆಯೇ, ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವಿನ ಸಂದಿನಲ್ಲಿ, ಎಡಕ್ಕೊಂದು ಬಲಕ್ಕೊಂದು ಸಪೂರ ನರ ಹಾದುಹೋಗುತ್ತದೆ. ಇವೇ ರಿಕರೆಂಟ್ ಲ್ಯಾರಿಂಜಿಯಲ್ ನರಗಳು. ಮಿದುಳಿನಿಂದ ಇಳಿಯುವ ವೇಗಸ್ ನರದಿಂದ ಕವಲೊಡೆದು, ಎಡಗಡೆಯದು ಎದೆಯೊಳಗಿನ ಮಹಾಪಧಮನಿಯನ್ನೂ ಬಲಗಡೆಯದು ಕೊರಳಬುಡದ ರಕ್ತನಾಳವನ್ನೂ ಬಳಸಿ, ಮತ್ತೆ ಮೇಲೇರಿ ಧ್ವನಿಪೆಟ್ಟಿಗೆ ಸೇರುತ್ತವೆ. ಧ್ವನಿತಂತುಗಳು ತೆರೆಯುವುದೂ ಮುಚ್ಚುವುದೂ ಇವುಗಳ ಆಜ್ಞೆಯಿಂದಲೇ. ಒಂದು ನರ ಸೋತರೆ ದನಿ ಗೊಗ್ಗರಾಗುತ್ತದೆ, ನೀರು ಕುಡಿದರೆ ನೆತ್ತಿಗೇರುತ್ತದೆ. ಎರಡೂ ಸೋತರೆ ಉಸಿರಾಟಕ್ಕೇ ಕುತ್ತು. ಕತ್ತಿನಲ್ಲಿ ರಂಧ್ರ ಮಾಡಿ ಕೊಳವೆ ಇಡಬೇಕಾಗಬಹುದು.

ಈ ನರವನ್ನು ಆಪರೇಷನ್ ನಡೆಯುತ್ತಿರುವಾಗಲೇ ಪರೀಕ್ಷಿಸುವ ‘ನರ್ವ್ ಮಾನಿಟರ್’ ಈಗ ಅನೇಕ ದೊಡ್ಡ ಆಸ್ಪತ್ರೆಗಳಲ್ಲಿದೆ. ಅದಿದ್ದರೆ ಸಾಕು, ನರಕ್ಕೆ ಏನೂ ಆಗದು ಎಂದು ಕೆಲವರು ನಂಬುತ್ತಾರೆ. ಅದು ಬಿಲ್ ಹೆಚ್ಚಿಸುವ ದಾರಿ ಎಂದು ಇನ್ನು ಕೆಲವರು ಶಂಕಿಸುತ್ತಾರೆ. ಎರಡೂ ಪೂರ್ತಿ ಸರಿಯಲ್ಲ. ಮಾನಿಟರ್ ನರವನ್ನು ಕಾಯುವುದಿಲ್ಲ, ನರದ ಸ್ಥಿತಿಯನ್ನು ತಿಳಿಸುತ್ತದೆ, ಅಷ್ಟೆ. ಆ ಮಾಹಿತಿಗೆ ಬೆಲೆ ಬರುವುದು ಆಪರೇಷನ್‌ಗೆ ಮೊದಲು ಮತ್ತು ನಂತರ ಮಾಡುವ ಪರೀಕ್ಷೆಗಳಿಂದ ಹಾಗೂ ನಡುವೆ ಸರ್ಜನ್ ಕೈಗೊಳ್ಳುವ ಒಂದು ನಿರ್ಧಾರದಿಂದ. ರೋಗಿ ಮತ್ತು ಮನೆಯವರು ಯಾವ ಹಂತದಲ್ಲಿ ಏನು ಕೇಳಬೇಕು ಎಂಬುದು ಇಲ್ಲಿದೆ.

ಹಂತ 1: ಆಪರೇಷನ್ ಬೇಕೇ, ಎಷ್ಟು ಬೇಕು?

ಅನಗತ್ಯ ಆಪರೇಷನ್ ತಪ್ಪಿದರೆ ನರಕ್ಕೆ ಅಪಾಯವೇ ಇಲ್ಲ. ಆದ್ದರಿಂದ ಧ್ವನಿಯ ರಕ್ಷಣೆ ಶುರುವಾಗುವುದು ಆಪರೇಷನ್ ಥಿಯೇಟರ್‌ನಲ್ಲಲ್ಲ, ಥೈರಾಯ್ಡ್‌ನಲ್ಲಿ ಗಂಟು ಪತ್ತೆಯಾದ ದಿನವೇ. ಮೊದಲು ರಕ್ತದಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಅನ್ನು ಪ್ರಚೋದಿಸುವ ಹಾರ್ಮೋನ್) ನೋಡಬೇಕು. ಅದು ತೀರಾ ಕಡಿಮೆಯಿದ್ದರೆ ಗಂಟು ಅತಿಯಾಗಿ ಹಾರ್ಮೋನ್ ಸುರಿಸುತ್ತಿರಬಹುದು. ಆಗ ಐಸೊಟೋಪ್ ಸ್ಕ್ಯಾನ್ ಬೇಕಾಗುತ್ತದೆ. ನಂತರ ಅಲ್ಟ್ರಾಸೌಂಡ್. ಅದರ ವರದಿಯಲ್ಲಿ ಕಾಣುವ ‘ಟೈರಾಡ್ಸ್’ ಅಂಕಿ ಗಂಟಿನ ಮೇಲೆ ಎಷ್ಟು ಅನುಮಾನ ಪಡಬೇಕು ಎಂಬುದನ್ನು 1ರಿಂದ 5ರವರೆಗೆ ಹೇಳುತ್ತದೆ. ಅಮೆರಿಕದ ರೇಡಿಯಾಲಜಿ ತಜ್ಞರ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಪದ್ಧತಿಯಂತೆ 5ನೇ ದರ್ಜೆಯ ಗಂಟು 1 ಸೆಂ.ಮೀ. ಮುಟ್ಟಿದರೆ ಸೂಜಿ ಪರೀಕ್ಷೆ ಮಾಡಬೇಕು. 3ನೇ ದರ್ಜೆಯದು 2.5 ಸೆಂ.ಮೀ. ಆಗುವವರೆಗೆ ಕಾಯಬಹುದು. ಎಫ್‌ಎನ್‌ಎಸಿ ಎಂಬ ಈ ಸೂಜಿ ಪರೀಕ್ಷೆಯ ಫಲಿತಾಂಶ ‘ಬೆಥೆಸ್ಡಾ’ ಪದ್ಧತಿಯ ಆರು ವರ್ಗಗಳಲ್ಲಿ ಬರುತ್ತದೆ. 1ನೇ ವರ್ಗ ಎಂದರೆ ಸಿಕ್ಕ ಜೀವಕೋಶ ಸಾಲದು, ಪರೀಕ್ಷೆ ಮತ್ತೆ ಮಾಡಬೇಕು ಎಂದರ್ಥ. 2 ಎಂದರೆ ಕ್ಯಾನ್ಸರ್ ಅಲ್ಲ, 6 ಎಂದರೆ ಕ್ಯಾನ್ಸರ್. ನಡುವಿನ 3 ಮತ್ತು 4 ಅಸ್ಪಷ್ಟ ವರ್ಗಗಳು; 5 ಎಂದರೆ ಕ್ಯಾನ್ಸರ್ ಎಂಬ ಬಲವಾದ ಅನುಮಾನ.

ಈ ಅಂಕಿಗಳಿಗೂ ಧ್ವನಿಗೂ ನೇರ ನಂಟಿದೆ. 4ನೇ ವರ್ಗದ ಗಂಟು ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದನ್ನು ಸೂಜಿಯಲ್ಲಿ ಬಂದ ಜೀವಕೋಶಗಳಿಂದ ಹೇಳಲಾಗದು. ಗಂಟಿನ ಹೊರಪೊರೆಯನ್ನು ಅವು ದಾಟಿವೆಯೇ ಎಂದು ನೋಡಬೇಕು. ಅದಕ್ಕೆ ಆ ಬದಿಯ ಹಾಲೆಯನ್ನೇ, ಅಂದರೆ ಗ್ರಂಥಿಯ ಎರಡು ಭಾಗಗಳಲ್ಲಿ ಒಂದನ್ನು, ತೆಗೆದು ಪರೀಕ್ಷಿಸಬೇಕು. ಒಂದೇ ಹಾಲೆ ತೆಗೆದರೆ ಅಪಾಯಕ್ಕೆ ಒಡ್ಡಿಕೊಳ್ಳುವುದು ಒಂದೇ ನರ. ಕಡಿಮೆ ಅಪಾಯದ, 4 ಸೆಂ.ಮೀ.ಗಿಂತ ಚಿಕ್ಕ ಕ್ಯಾನ್ಸರ್‌ಗೂ ಒಂದು ಹಾಲೆ ತೆಗೆದರೆ ಸಾಕಾಗಬಹುದು ಎಂದು ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್‌ನ 2015ರ ಮಾರ್ಗಸೂಚಿ ಒಪ್ಪಿದೆ. ‘ಗಂಟು ಇದೆಯಲ್ಲ, ಪೂರ್ತಿ ತೆಗೆಸಿಬಿಡೋಣ’ ಎಂಬ ಅವಸರಕ್ಕೆ ದಕ್ಷಿಣ ಕೊರಿಯಾದ ಅನುಭವವೇ ಉತ್ತರ. ಅಲ್ಲಿ ಲಕ್ಷಣಗಳಿಲ್ಲದವರಿಗೂ ಸ್ಕ್ಯಾನ್ ಮಾಡುವ ಪರಿಪಾಠ ಹಬ್ಬಿ, 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ 1993ರ ಹದಿನೈದು ಪಟ್ಟಾಯಿತು. ಸಾವಿನ ಪ್ರಮಾಣ ಮಾತ್ರ ಇದ್ದಷ್ಟೇ ಇತ್ತು. ಆಪರೇಷನ್ ಆದವರಲ್ಲಿ ಶೇ 2ರಷ್ಟು ಮಂದಿಗೆ ಧ್ವನಿತಂತು ಪಾರ್ಶ್ವವಾಯುವಿಗೀಡಾಗಿತ್ತು. ಎಷ್ಟೋ ಮಂದಿ ಬೇಡದ ಆಪರೇಷನ್‌ಗೆ ದನಿಯನ್ನು ತೆತ್ತರು. ಆದ್ದರಿಂದ ವೈದ್ಯರಿಗೆ ಹಾಕಬೇಕಾದ ಮೊದಲ ಪ್ರಶ್ನೆ: ‘ಒಂದು ಹಾಲೆ ತೆಗೆದರೆ ಸಾಲದೇ? ಸಾಲದಿದ್ದರೆ ಯಾಕೆ?’

ಹಂತ 2: ಧ್ವನಿತಂತುಗಳನ್ನು ಮೊದಲೇ ನೋಡಿಸಿ

ಇಎನ್‌ಟಿ ವೈದ್ಯರು ಮೂಗಿನ ಮೂಲಕ ತೆಳ್ಳಗಿನ ಕ್ಯಾಮೆರಾ ಕೊಳವೆ ಇಳಿಸಿ, ‘ಈ...’ ಎಂದು ಎಳೆದು ಹೇಳಿಸುತ್ತಾರೆ. ಪರದೆಯಲ್ಲಿ ಎರಡು ಬಿಳಿ ಪಟ್ಟಿಗಳು ನಡುವೆ ಬಂದು ಕೂಡುತ್ತವೆ, ಉಸಿರೆಳೆದಾಗ ಅಗಲವಾಗುತ್ತವೆ. ಒಂದು ಪಟ್ಟಿ ಅಲುಗಾಡದಿದ್ದರೆ ಆ ಬದಿಯ ನರ ಆಗಲೇ ಸೋತಿದೆ ಎಂದು ಅರ್ಥ. ಕೆಲವೇ ನಿಮಿಷಗಳ ಪರೀಕ್ಷೆ. ‘ಸ್ವರ ಚೆನ್ನಾಗಿಯೇ ಇದೆ, ಇದೇಕೆ?’ ಎಂದು ಅನ್ನಿಸುವುದು ಸಹಜ. ಆದರೆ ಒಂದು ತಂತು ನಿಧಾನವಾಗಿ ಸೋತಾಗ ಇನ್ನೊಂದು ನಡುಗೆರೆ ದಾಟಿ ಬಂದು ಕೊರತೆ ತುಂಬುತ್ತದೆ. ಕಿವಿಗೆ ಏನೂ ಗೊತ್ತಾಗದು. ಆಗ ಉಳಿದಿರುವುದು ಒಂದೇ ನರ. ಅದು ಗೊತ್ತಿಲ್ಲದೆ ಆಪರೇಷನ್‌ಗೆ ಇಳಿದರೆ ಅಪಾಯದ ಲೆಕ್ಕವೇ ತಪ್ಪುತ್ತದೆ. ದನಿ ಬದಲಾದವರು, ಹಿಂದೆ ಕುತ್ತಿಗೆ ಅಥವಾ ಎದೆಯ ಆಪರೇಷನ್ ಆದವರು, ಕ್ಯಾನ್ಸರ್ ಗ್ರಂಥಿಯ ಹಿಂಬದಿಗೆ ಹರಡಿರುವ ಸಂಶಯವಿರುವವರು ಇದನ್ನು ತಪ್ಪಿಸಲೇಬಾರದು. ಮಾನಿಟರ್ ಬಳಸುವುದಾದರಂತೂ ಪ್ರತಿಯೊಬ್ಬರಿಗೂ ಇದು ಬೇಕು. ಮೊದಲು ಏನಿತ್ತು ಎಂದು ಗೊತ್ತಿಲ್ಲದಿದ್ದರೆ ಆಮೇಲೆ ಬಂದ ಸಿಗ್ನಲ್ ಅನ್ನು ಹೋಲಿಸಲು ಆಧಾರವಿರುವುದಿಲ್ಲ.

ಹಂತ 3: ಮಾನಿಟರ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ?

ಅರಿವಳಿಕೆ ಕೊಟ್ಟ ಮೇಲೆ ಶ್ವಾಸನಾಳಕ್ಕೆ ಇಳಿಸುವ ಕೊಳವೆಯ ಮೈಮೇಲೆ ಎಲೆಕ್ಟ್ರೋಡ್‌ಗಳಿರುತ್ತವೆ. ಅವು ಸರಿಯಾಗಿ ಧ್ವನಿತಂತುಗಳಿಗೆ ತಾಗಿ ನಿಲ್ಲಬೇಕು. ಸರ್ಜನ್ ಸಣ್ಣ ಪ್ರೋಬ್‌ನ ತುದಿಯಿಂದ ನರಕ್ಕೆ 1–2 ಮಿಲಿಆಂಪಿಯರ್ ವಿದ್ಯುತ್ ಮುಟ್ಟಿಸಿದಾಗ ಧ್ವನಿಪೆಟ್ಟಿಗೆಯ ಸ್ನಾಯು ಮಿಡಿಯುತ್ತದೆ, ಪರದೆಯಲ್ಲಿ ಅಲೆ ಏಳುತ್ತದೆ, ಯಂತ್ರ ಸದ್ದು ಮಾಡುತ್ತದೆ. ಸ್ನಾಯು ಸಡಿಲಿಸುವ ಔಷಧದ ಪ್ರಭಾವ ಉಳಿದಿದ್ದರೆ ಅಲೆ ಬಾರದು. ಹಾಗಾಗಿ ಅರಿವಳಿಕೆ ತಜ್ಞರಿಗೆ ಮುಂಚೆಯೇ ತಿಳಿಸಿರಬೇಕು. ಪರೀಕ್ಷೆಗೂ ಒಂದು ಕ್ರಮವಿದೆ: ಗ್ರಂಥಿ ಬಿಡಿಸುವ ಮೊದಲು ವೇಗಸ್ ನರ, ಆಮೇಲೆ ಕಣ್ಣಿಗೆ ಬಿದ್ದ ರಿಕರೆಂಟ್ ನರ, ಗ್ರಂಥಿ ತೆಗೆದ ಮೇಲೆ ಮತ್ತೆ ರಿಕರೆಂಟ್ ನರ, ಕೊನೆಗೆ ಮತ್ತೆ ವೇಗಸ್. ಕೊನೆಯದನ್ನು ಬಿಡುವಂತಿಲ್ಲ. ನರಕ್ಕೆ ಪೆಟ್ಟು ಬಿದ್ದ ಜಾಗದಿಂದ ಧ್ವನಿಪೆಟ್ಟಿಗೆಯ ಕಡೆಗೆ ಪ್ರೋಬ್ ಇಟ್ಟರೆ ಎಲ್ಲ ಸರಿಯಿದ್ದಂತೆ ಅಲೆ ಬಂದುಬಿಡುತ್ತದೆ. ವೇಗಸ್‌ನಿಂದ ಶುರು ಮಾಡಿದರೆ ಇಡೀ ಹಾದಿಯ ಪರೀಕ್ಷೆಯಾಗುತ್ತದೆ.

ಇದರಿಂದ ಹಾನಿ ಕಡಿಮೆಯಾಗುತ್ತದೆಯೇ? ಪುರಾವೆಗಳನ್ನು ಇದ್ದಂತೆ ಓದಬೇಕು. ನರವನ್ನು ಮುಟ್ಟದೆ ದೂರವಿರುವುದಲ್ಲ, ಹುಡುಕಿ ಕಣ್ಣಾರೆ ನೋಡುವುದೇ ಅದನ್ನು ಉಳಿಸುವ ದಾರಿ ಎಂದು ಬೋಸ್ಟನ್‌ನ ಸರ್ಜನ್ ಫ್ರಾಂಕ್ ಲೇಹಿ 1938ರಲ್ಲೇ ವಾದಿಸಿದ್ದರು. ಜರ್ಮನಿಯಲ್ಲಿ ಸುಮಾರು 30 ಸಾವಿರ ನರಗಳ ಮಾಹಿತಿ ಕಲೆಹಾಕಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೂ ಕಣ್ಣಿನಿಂದ ಗುರುತಿಸುವುದೇ ಮುಖ್ಯ ಎಂದಿತು. ಅದರ ಜೊತೆಗೆ ಮಾನಿಟರ್ ಸೇರಿಸಿದ್ದರಿಂದ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಪೋಲೆಂಡಿನಲ್ಲಿ ಸಾವಿರ ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಾನಿಟರ್ ಬಳಸಿದವರಲ್ಲಿ ತಾತ್ಕಾಲಿಕ ಹಾನಿ ತುಸು ಕಡಿಮೆಯಿತ್ತು, ಶಾಶ್ವತ ಹಾನಿಯಲ್ಲಿ ಖಚಿತ ವ್ಯತ್ಯಾಸವಿರಲಿಲ್ಲ. 2019ರ ಕಾಕ್ರೇನ್ ವಿಮರ್ಶೆಯೂ ಮಾನಿಟರ್ ಮೇಲು ಎನ್ನಲು ಗಟ್ಟಿ ಪುರಾವೆಯಿಲ್ಲ ಎಂದೇ ಹೇಳಿತು. ಯಂತ್ರ ತಾನಾಗಿ ನರ ಉಳಿಸುತ್ತದೆ ಎಂಬ ಮಾತಿಗೆ ಇಷ್ಟೇ ಆಧಾರ.

ಹಂತ 4: ಸಿಗ್ನಲ್ ನಿಂತರೆ ಏನು ಮಾಡುವಿರಿ?

ಹಾಗಿದ್ದರೆ ಮಾನಿಟರ್ ಯಾಕೆ ಬೇಕು? ಕಣ್ಣಿಗೆ ನರ ಇಡಿಯಾಗಿ ಕಾಣುವುದು ಬೇರೆ, ನರ ಕೆಲಸ ಮಾಡುವುದು ಬೇರೆ. ಹೆಚ್ಚಿನ ಹಾನಿ ಆಗುವುದು ಕತ್ತರಿಸಿದ್ದರಿಂದಲ್ಲ, ಗ್ರಂಥಿ ಎಳೆಯುವಾಗ ಜಗ್ಗಿದ್ದರಿಂದ. ಜಗ್ಗಿದ ನರ ನೋಡಲು ಮೊದಲಿನಂತೆಯೇ ಇರುತ್ತದೆ. ಈ ಸೋಲನ್ನು ಆಪರೇಷನ್ ಮೇಜಿನ ಮೇಲೆಯೇ ತಿಳಿಸಬಲ್ಲದ್ದು ಮಾನಿಟರ್. ಎರಡೂ ಹಾಲೆ ತೆಗೆಯಬೇಕಾದ ಆಪರೇಷನ್‌ನಲ್ಲಿ ಮೊದಲ ಬದಿ ಮುಗಿದಾಗ ಅಲೆ 100 ಮೈಕ್ರೊವೋಲ್ಟ್‌ಗಿಂತ ಕೆಳಗಿಳಿದರೆ ಅದನ್ನು ‘ಸಿಗ್ನಲ್ ನಷ್ಟ’ ಎನ್ನುತ್ತಾರೆ. ಆಗ ಎರಡನೇ ಬದಿಗೆ ಕೈ ಹಾಕದೆ ನಿಲ್ಲಿಸಿದರೆ ಎರಡೂ ನರ ಸೋಲುವ ದುರಂತ ತಪ್ಪುತ್ತದೆ. ನರ ಪರಿಶೀಲನೆಯ ಅಂತರರಾಷ್ಟ್ರೀಯ ಅಧ್ಯಯನ ತಂಡ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಎರಡೂ ನರ ಒಟ್ಟಿಗೆ ಸೋಲುವುದು ತೀರಾ ವಿರಳ. ಸಾವಿರ ರೋಗಿಗಳ ಪ್ರಯೋಗದಲ್ಲಿ ಅದರ ವ್ಯತ್ಯಾಸ ಹಿಡಿಯುವುದು ಕಷ್ಟ. ಅಂಕಿಅಂಶದಲ್ಲಿ ಕಾಣದಿರುವುದರಿಂದ ಪ್ರಯೋಜನವೇ ಇಲ್ಲ ಎನ್ನಲಾಗದು.

ಇದಕ್ಕೆ ಬರುವ ಮೊದಲ ಆಕ್ಷೇಪ: ಯಂತ್ರವೂ ಸುಳ್ಳು ಹೇಳುತ್ತದಲ್ಲ? ಹೌದು. ಸಿಗ್ನಲ್ ಉಳಿದಿದ್ದರೆ ನರ ಸರಿಯಿರುವ ಸಾಧ್ಯತೆ ವಿವಿಧ ಅಧ್ಯಯನಗಳಲ್ಲಿ ಶೇ 92ರಿಂದ 100. ಆದರೆ ಸಿಗ್ನಲ್ ಹೋದಾಗ ನರ ನಿಜಕ್ಕೂ ಸೋತಿರುವ ಸಾಧ್ಯತೆ ಶೇ 10ರಿಂದ 90ರವರೆಗೆ ಎಲ್ಲೆಂದರಲ್ಲಿ ತೂಗಾಡುತ್ತದೆ. ಕೊಳವೆ ಜರುಗಿರಬಹುದು, ತಂತಿ ಬಿಟ್ಟಿರಬಹುದು. ಆದ್ದರಿಂದ ಮೊದಲು ಧ್ವನಿಪೆಟ್ಟಿಗೆಯ ಹಿಂದೆ ಬೆರಳಿಟ್ಟು, ನರ ಮುಟ್ಟಿದಾಗ ಸ್ನಾಯು ಮಿಡಿಯುತ್ತದೆಯೇ ನೋಡಬೇಕು, ಇನ್ನೊಂದು ಬದಿಯ ವೇಗಸ್ ಪರೀಕ್ಷಿಸಬೇಕು, ಕೊಳವೆ ಸರಿಪಡಿಸಬೇಕು. ಇಷ್ಟಾದ ಮೇಲೂ ಅಲೆ ಬಾರದಿದ್ದರೆ ನಿಲ್ಲಿಸುವ ಮಾತು. ಎರಡನೇ ಆಕ್ಷೇಪ: ಅರ್ಧಕ್ಕೆ ನಿಲ್ಲಿಸಿದರೆ ಮತ್ತೊಂದು ಆಪರೇಷನ್, ಮತ್ತೊಂದು ಖರ್ಚು. ನಿಜ. ಆದರೆ ಜಗ್ಗಿದ ನರಗಳಲ್ಲಿ ಬಹುಪಾಲು ಕೆಲವು ವಾರ ಅಥವಾ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತವೆ, ಸಾಮಾನ್ಯ ಥೈರಾಯ್ಡ್ ಕ್ಯಾನ್ಸರ್‌ಗಳು ಅಷ್ಟು ಕಾಲ ಕಾಯುತ್ತವೆ. ವೇಗವಾಗಿ ಬೆಳೆಯುವ ಕ್ಯಾನ್ಸರ್ ಅಥವಾ ಶ್ವಾಸನಾಳ ಒತ್ತುವ ಗಳಗಂಡವಾದರೆ ಲೆಕ್ಕ ಬೇರೆ. ಆ ವಿನಾಯಿತಿಯನ್ನೂ ಮೊದಲೇ ಮಾತಾಡಿಕೊಳ್ಳಬೇಕು.

ಮೂರನೆಯದು, ನಮ್ಮೂರಿನ ಆಸ್ಪತ್ರೆಯಲ್ಲಿ ಮಾನಿಟರ್ ಇಲ್ಲ ಎಂಬ ಚಿಂತೆ. ಮೊದಲ ಸಲದ, ಒಂದೇ ಹಾಲೆಯ ಆಪರೇಷನ್ ಆದರೆ ಅನುಭವಿ ಸರ್ಜನ್ ಕಣ್ಣಾರೆ ನರ ನೋಡಿ ಮಾಡುವುದು ಸಾಕು. ಯಂತ್ರವಿದ್ದೂ ಗಂಟಲು ಪರೀಕ್ಷೆ ಮಾಡದ ಜಾಗಕ್ಕಿಂತ, ಯಂತ್ರವಿಲ್ಲದಿದ್ದರೂ ಮೊದಲೂ ಆಮೇಲೂ ಧ್ವನಿತಂತು ನೋಡುವ ಜಾಗ ಮೇಲು. ಎರಡೂ ಹಾಲೆ ತೆಗೆಯಬೇಕಾದವರು, ಎರಡನೇ ಸಲ ಆಪರೇಷನ್ ಆಗುವವರು, ಒಂದು ತಂತು ಆಗಲೇ ಸೋತವರು, ಶಿಕ್ಷಕರು, ಗಾಯಕರು, ಯಕ್ಷಗಾನದ ಭಾಗವತರಂತೆ ಕಂಠವನ್ನೇ ನಂಬಿದವರು ಮಾನಿಟರ್ ಇರುವ ಕಡೆ ಹೋಗುವುದು ಸರಿ. ಏರುಸ್ವರಕ್ಕೆ ಬೇಕಾದ ಇನ್ನೊಂದು ನರ ಗ್ರಂಥಿಯ ಮೇಲ್ತುದಿಯ ಬಳಿ ಇರುತ್ತದೆ. ಗಾಯಕರು ಅದರ ಬಗ್ಗೆಯೂ ವಿಚಾರಿಸಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಅಥವಾ ಖಾಸಗಿ ವಿಮೆ ಇರುವವರು ಮಾನಿಟರ್‌ನ ಖರ್ಚು ಅದರಲ್ಲಿ ಸೇರುತ್ತದೆಯೇ ಎಂದು ಬರಹದಲ್ಲೇ ಕೇಳಿ ಪಡೆಯಲಿ.

ಹಂತ 5: ಆಪರೇಷನ್ ಆದ ಮೇಲೆ

ಮೊದಲ ದಿನ ಕುತ್ತಿಗೆ ಊದಿಕೊಂಡು ಉಸಿರು ಕಟ್ಟಿದಂತಾದರೆ ಒಳಗೆ ರಕ್ತಸ್ರಾವವಾಗುತ್ತಿರಬಹುದು. ಆ ಕ್ಷಣವೇ ನರ್ಸ್ ಕರೆಯಿರಿ. ತುಟಿ, ಬೆರಳ ತುದಿ ಜುಮುಗುಟ್ಟಿದರೆ, ಕೈ ಸೆಟೆದರೆ ಕ್ಯಾಲ್ಸಿಯಂ ಇಳಿದಿದೆ ಎಂದು ಅರ್ಥ. ಗ್ರಂಥಿಯ ಹಿಂದಿರುವ ಅಕ್ಕಿಕಾಳಿನಷ್ಟು ಚಿಕ್ಕ ಪ್ಯಾರಾಥೈರಾಯ್ಡ್‌ಗಳಿಗೆ ಪೆಟ್ಟಾದಾಗ ಹೀಗಾಗುತ್ತದೆ. ದನಿ ಸರಿಯಿದ್ದರೂ ಧ್ವನಿತಂತುಗಳನ್ನು ಇನ್ನೊಮ್ಮೆ ನೋಡಿಸಿ, ಎರಡೂ ಸಲದ ವರದಿ ಡಿಸ್ಚಾರ್ಜ್ ಸಮ್ಮರಿಯಲ್ಲಿ ಇರುವಂತೆ ಕೇಳಿಕೊಳ್ಳಿ. ದನಿ ಕೆಟ್ಟಿದ್ದರೆ ವರ್ಷಗಟ್ಟಲೆ ಕಾಯಬೇಡಿ. ಧ್ವನಿ ಚಿಕಿತ್ಸೆಯನ್ನು ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ಸೌಲಭ್ಯವಿದೆ. ಸೋತ ತಂತುವನ್ನು ಚುಚ್ಚುಮದ್ದಿನಿಂದ ಉಬ್ಬಿಸಿ ನಡುವಿಗೆ ತರುವ ಚಿಕಿತ್ಸೆಯೂ ಇದೆ.

ಸಿಗ್ನಲ್ ನಿಂತಾಗ ಮುಂದುವರಿಯಬೇಕೇ ಎಂಬ ಪ್ರಶ್ನೆ ಏಳುವುದು ರೋಗಿ ಅರಿವಳಿಕೆಯಲ್ಲಿರುವಾಗ. ಆಗ ಅವರನ್ನು ಕೇಳುವಂತಿಲ್ಲ. ಹೊರಗೆ ಕಾಯುವ ಮನೆಯವರು ಗಾಬರಿಯಲ್ಲಿ ‘ಮುಗಿಸಿಬಿಡಿ ಡಾಕ್ಟ್ರೇ’ ಎಂದುಬಿಡಬಹುದು. ಹಾಗಾಗಿ ಸಮ್ಮತಿ ಪತ್ರಕ್ಕೆ ಸಹಿ ಹಾಕುವ ಮೊದಲೇ ‘ಮೊದಲ ಬದಿಯಲ್ಲಿ ಸಿಗ್ನಲ್ ಹೋದರೆ ಏನು ಮಾಡುವಿರಿ?’ ಎಂದು ಕೇಳಿ, ಬಂದ ಉತ್ತರವನ್ನು ಆ ಪತ್ರದಲ್ಲೇ ಬರೆಸಿ. ‘ನಿಲ್ಲಿಸುತ್ತೇವೆ’ ಎಂದು ಯೋಚಿಸಿ ಹೇಳುವ ಸರ್ಜನ್ ಕೈಯಲ್ಲಿ ಮಾನಿಟರ್‌ನ ಖರ್ಚು ಸಾರ್ಥಕ. ಆ ಪ್ರಶ್ನೆಗೆ ಉತ್ತರವೇ ಇಲ್ಲದ ಕಡೆ ಯಂತ್ರವಿದ್ದೂ ಉಪಯೋಗವಿಲ್ಲ.