‘ಸಿದ್ಧಲಿಂಗ’: ಒಂದು ಪುರುಷನಾಮದ ಮೂಲ ಹಾಗೂ ರೂಪಭೇದಗಳು

ಕನ್ನಡದ ನಾಮಾಧ್ಯಯನದಲ್ಲಿ ಸ್ಥಳನಾಮಗಳಿಗೆ ಸಂದಷ್ಟು ಗಮನ ವ್ಯಕ್ತಿನಾಮಗಳಿಗೆ ಸಂದಿಲ್ಲ. ಬೆಳ್ಳಾವಿಯನ್ನು ಒಳಗೊಂಡಂತೆ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಬಹುವಾಗಿ ಬಳಕೆಯಲ್ಲಿರುವ ‘ಸಿದ್ಧಲಿಂಗ’ ಎಂಬ ಹೆಸರನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ನಿಷ್ಪತ್ತಿಯಲ್ಲಿ ತೊಡಕಿಲ್ಲ. ಸಂಸ್ಕೃತದ ‘ಸಿಧ್’ ಧಾತುವಿನಿಂದಾದ ‘ಸಿದ್ಧ’ಕ್ಕೆ ‘ಲಿಂಗ’ ಸೇರಿದೆ. ಆದರೆ ಧಾತುವನ್ನು ಹೇಳಿದ ಮಾತ್ರಕ್ಕೆ ಹೆಸರಿನ ಮೂಲವನ್ನು ಹೇಳಿದಂತಾಗದು. ಈ ಸೀಮೆಯಲ್ಲಿ ಮಗುವಿಗೆ ಇಡುವುದು ಪದವನ್ನಲ್ಲ, ಮನೆದೇವರ ಹೆಸರನ್ನು. ಕಗ್ಗೆರೆಯ ತೋಟದಲ್ಲಿ ತಪಸ್ಸು ಮಾಡಿ ‘ತೋಂಟದ’ ಎಂಬ ವಿಶೇಷಣ ಪಡೆದು, ಎಡೆಯೂರಿನಲ್ಲಿ ಐಕ್ಯನಾದ ಸಿದ್ಧಲಿಂಗಯತಿಯೇ ಈ ನಾಮಪ್ರಸಾರದ ಕೇಂದ್ರ. ಸಿದ್ಧಗಂಗೆಯ ಬೆಟ್ಟದ ಮೇಲೂ ಸಿದ್ಧಲಿಂಗೇಶ್ವರನ ಗುಡಿಯಿದೆ. ಅವನ ಗುರುವೆಂದು ಪರಂಪರೆ ಹೇಳುವ ಗೋಸಲ ಚನ್ನಬಸವೇಶ್ವರ ಗುಬ್ಬಿಯ ದೈವ; ಚನ್ನಬಸವಯ್ಯ, ಚನ್ನಬಸಪ್ಪ ಎಂಬ ಹೆಸರುಗಳ ವಿಪುಲತೆಗೆ ಅಲ್ಲಿ ಬೇರೆ ಕಾರಣ ಹುಡುಕಬೇಕಿಲ್ಲ.

ಸ್ಪೇನಿನ ‘ಸಾಂಟಿಯಾಗೊ’ ಇಲ್ಲಿ ಹೋಲಿಕೆಗೆ ಒದಗುತ್ತದೆ. ‘ಸಂತ ಯಾಕೋಬ’ ಎಂಬರ್ಥದ ಎರಡು ಪದಗಳು ಯಾತ್ರಾಸ್ಥಳವೊಂದರ ಪ್ರಭಾವದಲ್ಲಿ ಬೆಸೆದು ವ್ಯಕ್ತಿನಾಮವಾಗಿವೆ. ಅದನ್ನು ಮೊಟಕುಗೊಳಿಸಿದರೆ ಉಳಿಯುವುದು ಸಂತನ ಹೆಸರು, ‘ಯಾಗೊ’. ನಮ್ಮಲ್ಲಿ ಇದಕ್ಕೆ ವಿರುದ್ಧವಾಗಿ ಉಳಿಯುವುದು ವಿಶೇಷಣ: ಸಿದ್ದ, ಸಿದ್ದಯ್ಯ, ಸಿದ್ದಪ್ಪ.

ತೊಡಕು ಆರಂಭವಾಗುವುದು ಇಲ್ಲಿಯೇ. ‘ಸಿದ್ದಯ್ಯ’ನ ಹಿಂದೆ ಎಡೆಯೂರಿನ ಯತಿ ಇರಬಹುದು, ಮಂಟೇಸ್ವಾಮಿ ಪರಂಪರೆಯ ಚಿಕ್ಕಲ್ಲೂರು ಸಿದ್ದಪ್ಪಾಜಿ ಇರಬಹುದು, ಸೊನ್ನಲಿಗೆಯ ಸಿದ್ಧರಾಮನೂ ಇರಬಹುದು. ಹೆಸರನ್ನಷ್ಟೇ ನೋಡಿ ಜಾತಿಯನ್ನು ಊಹಿಸುವ ಅಭ್ಯಾಸ ನಮ್ಮ ಸಂಶೋಧನೆಯಲ್ಲಿ ಇನ್ನೂ ಉಳಿದಿದೆ. ಮಾಗಡಿ ಸೀಮೆಯಲ್ಲಿ 1954ರಲ್ಲಿ ಹುಟ್ಟಿದ ದಲಿತ ಕವಿ ಸಿದ್ದಲಿಂಗಯ್ಯನವರ ಹೆಸರೊಂದೇ ಆ ಊಹೆಯನ್ನು ಅಲುಗಿಸಲು ಸಾಕು.

ಆಡುಮಾತಿನಲ್ಲಿ ಮಹಾಪ್ರಾಣ ಅಳಿದು, ನಡುವಿನ ಅಕಾರವೂ ಲೋಪವಾಗಿ ‘ಸಿದ್ಲಿಂಗ’ ಆಗುತ್ತದೆ. ಕಿರಿಯನಾದರೆ ಸಿದ್ಲಿಂಗ, ಸಲಿಗೆಗೆ ಸಿದ್ಲಿಂಗು, ಹಿರಿಯನಾದರೆ ಸಿದ್ಲಿಂಗಣ್ಣ, ಸಿದ್ಲಿಂಗಪ್ಪ, ಹೆಣ್ಣಿಗೆ ಸಿದ್ಲಿಂಗಮ್ಮ. ಸಿದ್ದಲಿಂಗಸ್ವಾಮಿ, ಸಿದ್ದಲಿಂಗಮೂರ್ತಿ, ಸಿದ್ದೇಶ ಎಂಬವು ಹೆಚ್ಚಾಗಿ ಶಾಲೆಯ ದಾಖಲೆಗೆ ಒಗ್ಗಿದ ರೂಪಗಳು. ‘ದ್ದ’ವನ್ನು ‘ದ್ಧ’ವೆಂದು ತಿದ್ದುವುದು ಸಂಪಾದಕರಿಗೆ ಶುದ್ಧೀಕರಣವಾಗಿ ತೋರಬಹುದಾದರೂ, ಅದರಿಂದ ಉಚ್ಚಾರಣೆಯ ಸಾಕ್ಷ್ಯವೇ ಅಳಿಯುತ್ತದೆ. ಕ್ಷೇತ್ರಕಾರ್ಯದಲ್ಲಿ ಬರೆಯುವ ರೂಪ, ಕರೆಯುವ ರೂಪ, ಮನೆದೇವರು ಈ ಮೂರನ್ನೂ ಬೇರೆಬೇರೆಯಾಗಿ ದಾಖಲಿಸುವುದು ಅವಶ್ಯ.